ಬಂದ ಬಂಡವಾಳ ಹೋದ ಮೇಲೆ ಉಳಿಯುವುದೇನು? ವಿದೇಶಿ ಹಣದ ಐದು ದಾರಿಗಳ ಹೋಲಿಕೆ

ಕಳಸದಿಂದ ಕುದುರೆಮುಖದ ಕಡೆಗೆ ಹೊರಟರೆ ಕಾಡಿನ ನಡುವೆ ಇದ್ದಕ್ಕಿದ್ದಂತೆ ಒಂದು ಊರು ಎದುರಾಗುತ್ತದೆ. ಸಾಲು ಸಾಲು ವಸತಿಗೃಹಗಳು, ತುಕ್ಕು ಹಿಡಿದ ಬೀಗಗಳು, ಗೋಡೆಯ ಮೇಲೆ ಪಾಚಿ, ಅಂಗಳದಲ್ಲಿ ಬೆಳೆದು ನಿಂತ ಹುಲ್ಲು. ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ನೌಕರರು ಸಂಸಾರ ಹೂಡಿದ್ದ ಊರು ಅದು. ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ದೊರೆ ಕೊಡುತ್ತೇನೆಂದ ಸಾಲವನ್ನು ನಂಬಿಕೊಂಡು. ಹಣ ಕೊಡುವವರೂ ಇರಾನಿನವರೇ, ಅದಿರು ಕೊಳ್ಳುವವರೂ ಅವರೇ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು. ದೊರೆ ದೇಶ ಬಿಟ್ಟ, ಸಾಲದ ಉಳಿದ ಕಂತುಗಳು ಬರಲಿಲ್ಲ. ಗಣಿಯೂ ಮಂಗಳೂರಿನವರೆಗಿನ 67 ಕಿಲೋಮೀಟರ್ ಕೊಳವೆ ಮಾರ್ಗವೂ ಸಿದ್ಧವಾಗುವ ಹೊತ್ತಿಗೆ ಗಿರಾಕಿಯೇ ಇರಲಿಲ್ಲ.

ಕಂಪನಿ ಆಮೇಲೆ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು, ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಘಟಕ ಕಟ್ಟಿ ಕಾಲೂರಿತು. ಭದ್ರೆಯ ಉಗಮದ ಕಾಡು ಉಳಿಯಬೇಕೆಂದು ಹೋರಾಡಿದವರ ಮಾತು ಸುಪ್ರೀಂ ಕೋರ್ಟಿನಲ್ಲಿ ಗೆದ್ದು, 2005ರ ಕೊನೆಗೆ ಗಣಿ ಮುಚ್ಚಿತು. ಇಂದು ಅಲ್ಲಿ ಉಳಿದಿರುವುದು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡ ಹೂಳು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಗುಡ್ಡ, ಬೀಗ ಹಾಕಿದ ಮನೆಗಳು. ಕಡಲ ತೀರದಲ್ಲಿ ಒಂದು ಕಾರ್ಖಾನೆ ಉಳಿದಿದೆ.

ಹೊರಗಿನ ಬಂಡವಾಳದ ಬಗ್ಗೆ ನಾನು ಏನೇ ಓದಿದರೂ ಈ ಊರಿನ ಎದುರು ಇಟ್ಟು ನೋಡುತ್ತೇನೆ. ಎಷ್ಟು ಸಾವಿರ ಕೋಟಿ ಬಂತು ಎಂಬುದನ್ನು ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಹಾಕುತ್ತವೆ. ಆ ಹಣ ಹಿಂದಿರುಗಿ ಹೋದ ದಿನ ಊರಿನವರ ಕೈಯಲ್ಲಿ ಯಾವ ಕೆಲಸ ಉಳಿಯಿತು, ಖಜಾನೆಯಲ್ಲಿ ಏನು ಉಳಿಯಿತು, ನೆಲ ಯಾವ ಸ್ಥಿತಿಯಲ್ಲಿ ಉಳಿಯಿತು ಎಂದು ಕೇಳುವವರು ಕಡಿಮೆ. ಅಭಿವೃದ್ಧಿಶೀಲ ದೇಶಗಳು ಹಿಡಿದ ಐದು ದಾರಿಗಳನ್ನು ಇಲ್ಲಿ ಈ ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಉಪಯೋಗಕ್ಕೆ ಬರಬಹುದು. ತಮ್ಮ ತಾಲ್ಲೂಕಿಗೆ ದೊಡ್ಡ ಕಂಪನಿಯೊಂದು ಬರುತ್ತದೆಂಬ ಸುದ್ದಿ ಕೇಳಿ ಹಿಗ್ಗಬೇಕೋ ಹೆದರಬೇಕೋ ತಿಳಿಯದೆ ಕುಳಿತವರಿಗೆ ಇನ್ನೂ ಹೆಚ್ಚು ಉಪಯೋಗವಾದೀತು.

ಸಾಲ ತಂದು ಸ್ವಂತ ಕಾರ್ಖಾನೆ ಕಟ್ಟುವುದು

1960ರ ದಶಕದ ಆರಂಭದಲ್ಲಿ ದಕ್ಷಿಣ ಕೊರಿಯಾದ ತಲಾ ಆದಾಯ ವರ್ಷಕ್ಕೆ 100 ಡಾಲರಿಗೂ ಕಡಿಮೆ ಇತ್ತು. ಪಾರ್ಕ್ ಚುಂಗ್ ಹೀ ಅವರ ಸೇನಾ ಸರ್ಕಾರ ಬ್ಯಾಂಕುಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ವಿದೇಶಿ ಕಂಪನಿಗಳು ಬಂದು ಕಾರ್ಖಾನೆಯ ಒಡೆತನ ಹಿಡಿಯುವುದಕ್ಕೆ ಅದು ಹೆಚ್ಚು ಅವಕಾಶ ಕೊಡಲಿಲ್ಲ. ಬದಲಾಗಿ ಹೊರಗಿನಿಂದ ಸಾಲ ತಂದು, ತಂತ್ರಜ್ಞಾನಕ್ಕೆ ಪರವಾನಗಿ ಶುಲ್ಕ ಕಟ್ಟಿ, ಕಾರ್ಖಾನೆಯನ್ನು ಕೊರಿಯಾದವರ ಕೈಯಲ್ಲೇ ಇಟ್ಟಿತು. ಹ್ಯುಂಡೈ ಕಂಪನಿಯ ಮೊದಲ ಸ್ವಂತ ಕಾರು ಪೋನಿಯನ್ನೇ ನೋಡಿ: ವಿನ್ಯಾಸ ಇಟಲಿಯದು, ಎಂಜಿನ್ನಿನ ತಂತ್ರಜ್ಞಾನ ಜಪಾನಿನ ಮಿತ್ಸುಬಿಷಿಯದು, ಒಡೆತನ ಮಾತ್ರ ಕೊರಿಯಾದ್ದು.

ಪೋಸ್ಕೋ ಉಕ್ಕಿನ ಕಾರ್ಖಾನೆಯ ಕತೆಯೂ ಇಂಥದ್ದೇ. ಕೊರಿಯಾಕ್ಕೆ ಉಕ್ಕಿನ ಕಾರ್ಖಾನೆ ಕೈಗೂಡದ ಕೆಲಸವೆಂದು ವಿಶ್ವಬ್ಯಾಂಕ್ ಸಾಲಕ್ಕೆ ಒಪ್ಪಲಿಲ್ಲ. ಜಪಾನ್ ತನ್ನ ವಸಾಹತು ಆಳ್ವಿಕೆಯ ಲೆಕ್ಕ ತೀರಿಸಲು 1965ರ ಒಪ್ಪಂದದಲ್ಲಿ ಕೊಟ್ಟ 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲದ ಒಂದು ಭಾಗವನ್ನು ಕೊರಿಯಾ ಇದಕ್ಕೆ ತೊಡಗಿಸಿತು. 1973ರಲ್ಲಿ ಪೋಹಾಂಗಿನಲ್ಲಿ ಉಕ್ಕು ಹರಿಯಿತು.

ಈ ದಾರಿಯ ಗುಟ್ಟು ಸಾಲದಲ್ಲಿಲ್ಲ, ಸಾಲಕ್ಕೆ ಹಾಕಿದ ಷರತ್ತಿನಲ್ಲಿದೆ. ರಫ್ತಿನ ಗುರಿ ಮುಟ್ಟಿದವರಿಗೆ ಕಡಿಮೆ ಬಡ್ಡಿಯ ಹಣ ಹರಿಯುತ್ತಿತ್ತು, ಮುಟ್ಟದವರಿಗೆ ನಲ್ಲಿ ನಿಲ್ಲುತ್ತಿತ್ತು. ಅಧ್ಯಕ್ಷರೇ ಪ್ರತಿ ತಿಂಗಳು ಕುಳಿತು ರಫ್ತಿನ ಅಂಕಿಗಳನ್ನು ನೋಡುತ್ತಿದ್ದರು. ನಮ್ಮಲ್ಲಿ ಲೈಸೆನ್ಸ್ ಕಾಲದಲ್ಲಿ ಉದ್ಯಮಿಗಳಿಗೆ ರಕ್ಷಣೆ ಸಿಕ್ಕಿತು, ಗುರಿ ಸಿಗಲಿಲ್ಲ. ಗುರಿಯಿಲ್ಲದ ರಕ್ಷಣೆ ನಮ್ಮನ್ನು ಎಷ್ಟು ವರ್ಷ ಒಂದೇ ಕಾರು, ಒಂದೇ ಸ್ಕೂಟರಿಗೆ ಕಾಯಿಸಿತು ಎಂಬುದನ್ನು ಆ ಕಾಲದಲ್ಲಿ ಹೆಸರು ನೋಂದಾಯಿಸಿ ಕುಳಿತವರೇ ಹೇಳಬೇಕು.

ಕೊರಿಯಾವನ್ನು ಹೊಗಳುವವರು ಬೆಲೆಯನ್ನೂ ಹೇಳಬೇಕು. 1970ರ ನವೆಂಬರಿನಲ್ಲಿ ಸೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ ಜಿಯೋನ್ ತೇ ಇಲ್ ಎಂಬ 22 ವರ್ಷದ ಹೊಲಿಗೆಗಾರ, ಕಾರ್ಮಿಕ ಕಾನೂನನ್ನು ಪಾಲಿಸಿ ಎಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಸಾಲದ ದಾರಿಯ ಇನ್ನೊಂದು ಅಪಾಯ 1997ರಲ್ಲಿ ಕಂಡಿತು. ಅಲ್ಪಾವಧಿಯ ಡಾಲರ್ ಸಾಲ ಏಕಕಾಲಕ್ಕೆ ಹಿಂದಕ್ಕೆ ಹೊರಟಾಗ ಕೊರಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಾಗಿಲು ತಟ್ಟಬೇಕಾಯಿತು. ದೇಶದ ಸಾಲ ತೀರಲೆಂದು ಜನ ಸಾಲುಗಟ್ಟಿ ನಿಂತು ಮದುವೆಯ ಉಂಗುರಗಳನ್ನೂ ಕೊಟ್ಟರು. ಹೀಗೆ ಕೂಡಿದ ಚಿನ್ನ ಸುಮಾರು 227 ಟನ್. 2001ರ ಹೊತ್ತಿಗೆ ಆ ಸಾಲ ತೀರಿತು. ತೀರಿಸಲು ಸಾಧ್ಯವಾದದ್ದು ಹಡಗು, ಕಾರು, ಚಿಪ್ ಮಾರಿ ಡಾಲರ್ ಗಳಿಸುವ ಕಾರ್ಖಾನೆಗಳಿದ್ದುದರಿಂದ.

ಹಂಬನ್‌ತೋಟವನ್ನು ಇದರ ಪಕ್ಕದಲ್ಲಿಡಿ. ಶ್ರೀಲಂಕಾ ಅಲ್ಲಿ ಬಹುಪಾಲು ಚೀನಾದ ಸಾಲದಲ್ಲಿ ಬಂದರು ಕಟ್ಟಿತು. ಹಡಗುಗಳು ನಿರೀಕ್ಷೆಯಷ್ಟು ಬರಲಿಲ್ಲ, ಡಾಲರೂ ಬರಲಿಲ್ಲ. 2017ರಲ್ಲಿ ಬಂದರನ್ನು ಚೀನಾದ ಕಂಪನಿಯೊಂದಕ್ಕೆ 99 ವರ್ಷದ ಗುತ್ತಿಗೆಗೆ ಕೊಟ್ಟು ಸುಮಾರು 112 ಕೋಟಿ ಡಾಲರ್ ಪಡೆಯಿತು. ಬಂದರು ಕಟ್ಟಿದ ಸಾಲ ಆ ಹಣದಿಂದ ರದ್ದಾಗಲಿಲ್ಲ. ಹಣ ಬರಿದಾಗುತ್ತಿದ್ದ ವಿದೇಶಿ ವಿನಿಮಯದ ಗಲ್ಲಾಪೆಟ್ಟಿಗೆಗೆ ಹೋಯಿತು. 2022ರಲ್ಲಿ ದೇಶವೇ ಸಾಲ ತೀರಿಸಲಾರೆನೆಂದು ಕೈ ಎತ್ತಿತು. ಡಾಲರಿನಲ್ಲಿ ತಂದ ಸಾಲವನ್ನು ಡಾಲರ್ ತರುವ ಕೆಲಸಕ್ಕೆ ಹಾಕಿದರೆ ಪೋಹಾಂಗ್, ಇಲ್ಲವಾದರೆ ಹಂಬನ್‌ತೋಟ.

ಕಂಪನಿಯನ್ನೇ ಕರೆತರುವುದು

ಇಂದು ಹೆಚ್ಚಿನ ಸರ್ಕಾರಗಳಿಗೆ ಇಷ್ಟವಾದ ದಾರಿ ಇದು. ಜಾಗ, ವಿದ್ಯುತ್ತು, ತೆರಿಗೆ ರಿಯಾಯಿತಿ ಕೊಟ್ಟು ದೊಡ್ಡ ಕಂಪನಿಯನ್ನು ಕಾರ್ಖಾನೆ ಸಮೇತ ಬರಮಾಡಿಕೊಳ್ಳುವುದು. ಮೂರು ಉದಾಹರಣೆಗಳು ಮೂರು ಪಾಠ ಹೇಳುತ್ತವೆ.

ವಿಯೆಟ್ನಾಂ ಹೆಸರು ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಹೊಸದಲ್ಲ. 1990ರ ದಶಕದಲ್ಲಿ ಆ ದೇಶ ಗುಡ್ಡಗಾಡಿನಲ್ಲಿ ರೊಬಸ್ಟಾ ಹಾಕಿದ ವೇಗಕ್ಕೆ ಜಗತ್ತಿನ ಮಾರುಕಟ್ಟೆಯೇ ಕುಸಿಯಿತು. ಇತ್ತ ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ಪದ್ಧತಿ 1996ರ ಹೊತ್ತಿಗೆ ಮುಗಿದಿತ್ತು. 2001–02ರಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ನಮ್ಮ ಬೆಳೆಗಾರರಿಗೂ ಆ ಮಾರುಕಟ್ಟೆಗೂ ನಡುವೆ ತಡೆಗೋಡೆ ಇರಲಿಲ್ಲ. ಅದೇ ವಿಯೆಟ್ನಾಂ 1986ರ ದೊಯ್ ಮೊಯ್ ಸುಧಾರಣೆಯಿಂದ ಬಾಗಿಲು ತೆರೆಯುತ್ತ ಬಂದು 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಅದರ ಬೆನ್ನಿಗೇ ಸ್ಯಾಮ್‌ಸಂಗ್ ಹನೋಯ್ ಬಳಿಯ ಬಾಕ್ ನಿನ್ಹ್ ಪ್ರಾಂತ್ಯದಲ್ಲಿ ಮೊಬೈಲ್ ಕಾರ್ಖಾನೆ ತೆರೆಯಿತು. ಇಂದು ಸ್ಯಾಮ್‌ಸಂಗ್ ಅಲ್ಲಿ ಹೂಡಿದ ಒಟ್ಟು ಹಣ 2,000 ಕೋಟಿ ಡಾಲರನ್ನು ದಾಟಿದೆ. ಬಡತನ ಕರಗಿದ ವೇಗ ನಿಜಕ್ಕೂ ದೊಡ್ಡದು, ಅದನ್ನು ಸಣ್ಣದು ಮಾಡಿ ಹೇಳಬಾರದು. ಆದರೆ ದೇಶದ ರಫ್ತಿನಲ್ಲಿ ಶೇ 70ಕ್ಕೂ ಹೆಚ್ಚು ಪಾಲು ವಿದೇಶಿ ಒಡೆತನದ ಕಂಪನಿಗಳದೇ. ಫೋನು ವಿಯೆಟ್ನಾಮಿನಿಂದ ಹೊರಡುತ್ತದೆ, ಅದರ ಒಳಗಿನ ಬೆಲೆಬಾಳುವ ಭಾಗಗಳು ಬಹುಮಟ್ಟಿಗೆ ಹೊರಗಿನಿಂದ ಬಂದಿರುತ್ತವೆ.

ಕೋಸ್ಟರಿಕಾ ಅರ್ಧ ಕೋಟಿ ಜನರ ಪುಟ್ಟ ದೇಶ. 1948ರಲ್ಲೇ ಸೈನ್ಯವನ್ನು ರದ್ದು ಮಾಡಿ ಶಾಲೆ, ಆಸ್ಪತ್ರೆಗಳಿಗೆ ಹಣ ಹಾಕಿದ ದೇಶ. 1996ರಲ್ಲಿ ಇಂಟೆಲ್ ತನ್ನ ಚಿಪ್ ಜೋಡಣೆಯ ಕಾರ್ಖಾನೆಗೆ ಅದನ್ನು ಆರಿಸಿದಾಗ ಜಗತ್ತೇ ಹುಬ್ಬೇರಿಸಿತು. ಕೆಲವೇ ವರ್ಷಗಳಲ್ಲಿ ಒಂದೇ ಕಂಪನಿ ದೇಶದ ರಫ್ತಿನ ಸುಮಾರು ಐದನೇ ಒಂದು ಭಾಗವಾಯಿತು. 2014ರ ಏಪ್ರಿಲಿನಲ್ಲಿ ಇಂಟೆಲ್ ಆ ಕೆಲಸವನ್ನು ಏಷ್ಯಾಕ್ಕೆ ಸಾಗಿಸುವುದಾಗಿ ಹೇಳಿತು. ಸುಮಾರು 1,500 ಉದ್ಯೋಗ ಹೋದವು. ಆಮೇಲೆ ಮತ್ತೆ ಬಂತು, 2025ರ ಜುಲೈನಲ್ಲಿ ಮತ್ತೆ ವಿಯೆಟ್ನಾಂ, ಮಲೇಷ್ಯಾಗಳಿಗೆ ಹೊರಡುವುದಾಗಿ ಘೋಷಿಸಿತು. ಒಂದು ದೇಶದ ರಫ್ತಿನ ಕಂಬವೇ ಹೀಗೆ ಕಳಚಿದರೂ ಕೋಸ್ಟರಿಕಾ ಕುಸಿಯಲಿಲ್ಲ. ಇಂಟೆಲ್ ಬಂದಾಗ ತಾಂತ್ರಿಕ ಶಿಕ್ಷಣವನ್ನು ಬಲಪಡಿಸಿದ್ದರು, ಇಂಗ್ಲಿಷ್ ಕಲಿಸಿದ್ದರು, ನಂಬಿಕೆಯ ದೇಶವೆಂಬ ಹೆಸರು ಗಳಿಸಿದ್ದರು. ಅದರ ಬಲದಿಂದ ವೈದ್ಯಕೀಯ ಉಪಕರಣ ಮಾಡುವ ಹತ್ತಾರು ಕಂಪನಿಗಳು ಬಂದವು. ಇಂದು ಬಾಳೆಹಣ್ಣು, ಕಾಫಿ, ಚಿಪ್ ಎಲ್ಲವನ್ನೂ ಹಿಂದಿಕ್ಕಿ ವೈದ್ಯಕೀಯ ಉಪಕರಣಗಳೇ ಆ ದೇಶದ ಮೊದಲ ರಫ್ತು.

ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಮಲೇಷ್ಯಾದ ಪೆನಾಂಗ್. ಕಾರಣ, ಅದು ದೇಶವಲ್ಲ, ಒಕ್ಕೂಟದೊಳಗಿನ ಒಂದು ರಾಜ್ಯ. ಕರ್ನಾಟಕದಂತೆಯೇ ಅದರ ಕೈಯಲ್ಲೂ ನಾಣ್ಯವಿಲ್ಲ, ಆಮದು ಸುಂಕವಿಲ್ಲ. ಇದ್ದದ್ದು ನೆಲ, ನೀರು, ತರಬೇತಿ, ಒಂದು ಚುರುಕಾದ ಅಭಿವೃದ್ಧಿ ನಿಗಮ. 1972ರಲ್ಲಿ ಬಯಾನ್ ಲೆಪಾಸ್‌ನಲ್ಲಿ ಮುಕ್ತ ವ್ಯಾಪಾರ ವಲಯ ತೆರೆದಾಗ ಇಂಟೆಲ್ ಮೊದಲಾದ ಕಂಪನಿಗಳು ಬಂದು ಚಿಪ್ ಜೋಡಣೆ ಶುರುಮಾಡಿದವು. 1989ರಲ್ಲಿ ಸರ್ಕಾರ, ಕಂಪನಿಗಳು, ಶಿಕ್ಷಣ ಸಂಸ್ಥೆಗಳು ಸೇರಿ ಒಂದು ಕೌಶಲ ಕೇಂದ್ರ ತೆರೆದವು. ಎದುರಾಳಿ ಕಂಪನಿಗಳೂ ಒಂದೇ ಸೂರಿನಡಿ ಕೆಲಸಗಾರರಿಗೆ ಕಲಿಸಿದವು. ವಿದೇಶಿ ಕಂಪನಿಗಳಲ್ಲಿ ದುಡಿದ ಸ್ಥಳೀಯರು ಹೊರಬಂದು ಅವೇ ಕಂಪನಿಗಳಿಗೆ ಅಚ್ಚು, ಯಂತ್ರ, ಬಿಡಿಭಾಗ ಪೂರೈಸುವ ಉದ್ಯಮ ಕಟ್ಟಿದರು. ಇಂದು ಜಗತ್ತಿನ ಚಿಪ್ ಜೋಡಣೆ ಮತ್ತು ಪರೀಕ್ಷೆಯಲ್ಲಿ ಮಲೇಷ್ಯಾದ ಪಾಲು ಸುಮಾರು ಶೇ 13. ಅದರ ಬೇರು ಪೆನಾಂಗಿನಲ್ಲಿದೆ.

ದೇವನಹಳ್ಳಿಯಲ್ಲಿ, ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಗಳಿರುವ ಈ ಹೊತ್ತಿನಲ್ಲಿ ನಾವು ಎಷ್ಟು ಫೋನ್ ರಫ್ತಾಯಿತೆಂದು ಲೆಕ್ಕ ಹಾಕುತ್ತಿದ್ದೇವೆ. ಪೀಣ್ಯದ ಎಷ್ಟು ಸಣ್ಣ ಕಾರ್ಖಾನೆಗಳು ಅವಕ್ಕೆ ಅಚ್ಚು, ಸ್ಕ್ರೂ, ಪ್ಯಾಕಿಂಗ್ ಕೊಡುತ್ತಿವೆ ಎಂಬ ಲೆಕ್ಕವೂ ಬೇಕು. 2020ರ ಡಿಸೆಂಬರಿನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಚಾರಕ್ಕೆ ಗುತ್ತಿಗೆ ಕಾರ್ಮಿಕರ ಸಿಟ್ಟು ಸ್ಫೋಟಗೊಂಡಿತು. ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಒಂದು ದೊಡ್ಡ ಹೆಸರು ಬಂದ ಮಾತ್ರಕ್ಕೆ ಸಂಬಳದ ಚೀಟಿ ಸರಿಯಿರುತ್ತದೆಂದು ಯಾರೂ ನಂಬಬೇಕಾಗಿಲ್ಲ. ಅದನ್ನು ನೋಡಿಕೊಳ್ಳಬೇಕಾದ್ದು ಕಾರ್ಮಿಕ ಇಲಾಖೆ, ಅದು ರಾಜ್ಯದ ಕೈಯಲ್ಲೇ ಇದೆ.

ಕೆಲಸ ಕಲಿತು ಬಂದು ತಾವೇ ಹೊಲಿಯುವುದು

ಐದು ದಾರಿಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟುಕೊಂಡಿರುವುದು ಬಾಂಗ್ಲಾದೇಶದ್ದು. ಇಲ್ಲಿ ಹೊರಗಿನಿಂದ ಬಂದ ಹಣ ಅತ್ಯಲ್ಪ.

1974ರಲ್ಲಿ ಶ್ರೀಮಂತ ದೇಶಗಳು ಬಟ್ಟೆಯ ಆಮದಿಗೆ ದೇಶವಾರು ಮಿತಿ ಹಾಕುವ ಒಪ್ಪಂದ ಮಾಡಿಕೊಂಡವು. ಕೊರಿಯಾದ ಕಂಪನಿಗಳು ಆ ಮಿತಿಗೆ ಸಿಕ್ಕಿಬಿದ್ದವು. ಮಿತಿಯಿಲ್ಲದ ಬಡ ದೇಶವೊಂದು ಅವಕ್ಕೆ ಬೇಕಾಗಿತ್ತು. ಹೀಗೆ ದೇವೂ ಕಂಪನಿ ಚಟ್ಟಗ್ರಾಮದ ದೇಶ್ ಗಾರ್ಮೆಂಟ್ಸ್ ಜೊತೆ ಕೈಕುಲುಕಿತು. ದೇಶ್ ಕಟ್ಟಿದವರು ನೂರುಲ್ ಖಾದರ್ ಎಂಬ ಮಾಜಿ ಸರ್ಕಾರಿ ಅಧಿಕಾರಿ. ದೇವೂ ಪಾಲು ಬಂಡವಾಳ ಹಾಕಲಿಲ್ಲ. ಕಲಿಸುವುದಕ್ಕೆ ಶುಲ್ಕ, ಮಾರಿಕೊಡುವುದಕ್ಕೆ ಕಮಿಷನ್ ಎಂದು ಒಪ್ಪಂದವಾಯಿತು. 1979ರಲ್ಲಿ ದೇಶ್ ಸುಮಾರು 130 ಮಂದಿಯನ್ನು ಕೊರಿಯಾದ ಬೂಸಾನಿಗೆ ಕಳುಹಿಸಿತು. ಆರು ತಿಂಗಳು ಅವರು ಅಲ್ಲಿ ಕತ್ತರಿಸುವುದು, ಹೊಲಿಯುವುದು, ಗುಣಮಟ್ಟ ನೋಡುವುದು, ಲೆಕ್ಕ ಇಡುವುದು, ವಿದೇಶಿ ಗಿರಾಕಿಯೊಂದಿಗೆ ವ್ಯವಹರಿಸುವುದು ಎಲ್ಲವನ್ನೂ ಕಲಿತರು. 1981ರಲ್ಲೇ ದೇವೂ ಜೊತೆಗಿನ ಒಪ್ಪಂದ ಮುರಿಯಿತು. ಅಷ್ಟರೊಳಗೆ ವಿದ್ಯೆ ಊರಿಗೆ ಬಂದಾಗಿತ್ತು. ಆ ದಶಕ ಮುಗಿಯುವಷ್ಟರಲ್ಲಿ 130 ಮಂದಿಯಲ್ಲಿ 115 ಜನ ದೇಶ್ ಬಿಟ್ಟು ತಮ್ಮದೇ ಕಾರ್ಖಾನೆ ತೆರೆದಿದ್ದರು ಅಥವಾ ಹೊಸ ಕಾರ್ಖಾನೆಗಳಿಗೆ ಸೇರಿದ್ದರು. ಕಂಪನಿಗೆ ಇದು ನಷ್ಟವಿರಬಹುದು, ದೇಶಕ್ಕೆ ಇದೇ ಬಂಡವಾಳ.

ಕೈಯಲ್ಲಿ ಕಾಸಿಲ್ಲದವರು ಕಾರ್ಖಾನೆ ನಡೆಸಿದ್ದು ಹೇಗೆ? ಇಲ್ಲೊಂದು ಬ್ಯಾಂಕಿನ ಏರ್ಪಾಡು ಇದೆ. ಅಮೆರಿಕದ ಗಿರಾಕಿ ಅಂಗಿಗಳಿಗೆ ಆರ್ಡರ್ ಕೊಟ್ಟು ತನ್ನ ಬ್ಯಾಂಕಿನಿಂದ ಸಾಲಪತ್ರ (ಲೆಟರ್ ಆಫ್ ಕ್ರೆಡಿಟ್) ಕಳುಹಿಸುತ್ತಾನೆ; ಸರಕು ಕಳಿಸಿದ ದಾಖಲೆ ತೋರಿಸಿದರೆ ಹಣ ಕೊಡುತ್ತೇನೆಂಬ ಬ್ಯಾಂಕಿನ ಖಾತರಿ ಅದು. ಢಾಕಾದ ಬ್ಯಾಂಕು ಆ ಪತ್ರವನ್ನೇ ಅಡವಿಟ್ಟುಕೊಂಡು, ಬಟ್ಟೆ ಮತ್ತು ಗುಂಡಿ ಮಾರುವ ವಿದೇಶಿ ವ್ಯಾಪಾರಿಗೆ ಇನ್ನೊಂದು ಸಾಲಪತ್ರ ಬರೆದುಕೊಡುತ್ತದೆ. ಬಟ್ಟೆ ಬಂದು ಸುಂಕವಿಲ್ಲದೆ ಗೋದಾಮು ಸೇರುತ್ತದೆ. ಕಸ್ಟಮ್ಸಿನವರು ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ತಾಳೆ ನೋಡುತ್ತಾರೆ. ಅಂಗಿ ಹಡಗು ಹತ್ತಿದ ಮೇಲೆ ಬಂದ ಹಣದಲ್ಲಿ ಬಟ್ಟೆಯ ಬೆಲೆ ತೀರುತ್ತದೆ, ಉಳಿದದ್ದು ಹೊಲಿದವರದು. ಹೀಗಾಗಿ ಮಾಲೀಕ ಹೊಂದಿಸಬೇಕಾದ್ದು ಯಂತ್ರಗಳ ಬೆಲೆ, ಕಟ್ಟಡದ ಬಾಡಿಗೆ, ಕೂಲಿ ಮಾತ್ರ. ಇಂದು ಬಾಂಗ್ಲಾದೇಶದ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಸಿದ್ಧ ಉಡುಪು. ಕಾರ್ಖಾನೆಗಳ ಒಡೆತನ ಬಹುಪಾಲು ಬಾಂಗ್ಲಾದವರದೇ. ಹಳ್ಳಿಯಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳ ಕೈಗೆ ಮೊದಲ ಸಂಬಳ ಬಂದದ್ದು ಈ ಹೊಲಿಗೆ ಯಂತ್ರಗಳ ಮುಂದೆ.

ಆದರೆ ಅಂಥದೇ ಒಂದು ಬಾಡಿಗೆಯ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿಯಿತು. ಸಾವಾರಿನ ರಾಣಾ ಪ್ಲಾಜಾದಲ್ಲಿ ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಹೊಲಿಯುವವರನ್ನು ಮಾತ್ರ ಒಳಗೆ ಕರೆದರು, ಬಾರದಿದ್ದರೆ ಸಂಬಳ ಹೋಗುವುದೆಂಬ ಭಯ ಹುಟ್ಟಿಸಿದರು. 1,134 ಜನ ಸತ್ತರು. ಆನಂತರವೇ ಕಟ್ಟಡ ಸುರಕ್ಷತೆಗೆ ಕಾರ್ಮಿಕ ಸಂಘಗಳೂ ವಿದೇಶಿ ಬ್ರ್ಯಾಂಡುಗಳೂ ಸಹಿ ಹಾಕಿದ ಒಪ್ಪಂದ ಬಂತು, ಸಾವಿರಾರು ಕಾರ್ಖಾನೆಗಳ ತಪಾಸಣೆಯಾಯಿತು. ಒಂದು ದಶಕ ಮೊದಲೇ ಮಾಡಬಹುದಾಗಿದ್ದ ಕೆಲಸ ಅದು.

ಬೆಂಗಳೂರಿನ ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳಿಗೆ ಈ ಕತೆ ದೂರದ್ದಲ್ಲ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್, ಸೂಪರ್‌ವೈಸರನ ಗದರಿಕೆ, ಶೌಚಾಲಯಕ್ಕೆ ಹೋಗಲೂ ಹಿಂಜರಿಕೆ ಎರಡೂ ಕಡೆ ಒಂದೇ. ಎಷ್ಟೋ ಸಲ ಅಂಗಿಯ ಮೇಲಿನ ಬ್ರ್ಯಾಂಡೂ ಒಂದೇ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿ ಹಿಂತೆಗೆಯುವ ನಿಯಮವನ್ನು ಬಿಗಿ ಮಾಡಿದಾಗ ಇವರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ರಫ್ತಿನ ಪೈಪೋಟಿ ಎಂದರೆ ಕೂಲಿ ಕಡಿತದ ಪೈಪೋಟಿ ಎಂದು ತಿಳಿದಿರುವವರು ಆ ದಿನಗಳನ್ನು ನೆನಪಿಟ್ಟುಕೊಳ್ಳಬೇಕು.

ನೆಲದಡಿಯ ಸಂಪತ್ತನ್ನು ಹಂಚಿಕೊಳ್ಳುವುದು

ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಅಲ್ಲಿದ್ದ ಡಾಂಬರು ರಸ್ತೆ ಹತ್ತು ಹನ್ನೆರಡು ಕಿಲೋಮೀಟರ್. ಮರುವರ್ಷವೇ ಓರಾಪಾದಲ್ಲಿ ವಜ್ರ ಸಿಕ್ಕಿತು. ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಅವರ ಸರ್ಕಾರ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ರಾಷ್ಟ್ರಕ್ಕೆ ತಂದಿತು. ವಜ್ರ ಸಿಕ್ಕ ಪ್ರದೇಶ ಅವರ ಸ್ವಂತ ಬುಡಕಟ್ಟಿನದಾಗಿತ್ತು ಎಂಬುದನ್ನು ಗಮನಿಸಬೇಕು. ಡಿ ಬೀರ್ಸ್ ಕಂಪನಿಯೊಂದಿಗಿನ ಗಣಿಯಲ್ಲಿ ಸರ್ಕಾರದ ಪಾಲು ಮೊದಲು ಶೇ 15. 1970ರ ದಶಕದಲ್ಲೇ ಮತ್ತೆ ಮಾತುಕತೆಗೆ ಕುಳಿತು ಅದನ್ನು ಅರ್ಧಕ್ಕೆ ಏರಿಸಿಕೊಂಡರು. 1994ರಲ್ಲಿ ಮುಂದಿನ ಪೀಳಿಗೆಗೆಂದು ಪುಲಾ ನಿಧಿ ತೆರೆದರು. 2013ರಲ್ಲಿ ವಜ್ರದ ಮಾರಾಟವನ್ನೇ ಲಂಡನ್ನಿನಿಂದ ಗ್ಯಾಬರೋನಿಗೆ ತರಿಸಿದರು. 2025ರಲ್ಲಿ ಸಹಿಯಾದ ಹೊಸ ಒಪ್ಪಂದದಂತೆ ಸರ್ಕಾರಿ ಕಂಪನಿ ಮಾರುವ ಕಚ್ಚಾ ವಜ್ರದ ಪಾಲು ಶೇ 30ರಿಂದ ಮೇಲೇರುತ್ತ ಶೇ 50ಕ್ಕೆ ಹೋಗಬೇಕು.

ನೆರೆಯ ಜಾಂಬಿಯಾ 1990ರ ದಶಕದ ಕೊನೆಯಲ್ಲಿ, ಸಾಲದ ಹೊರೆಯಲ್ಲಿ, ತಾಮ್ರದ ಗಣಿಗಳನ್ನು ಮಾರಿತು. ಕೊಂಡವರೊಂದಿಗಿನ ಒಪ್ಪಂದಗಳಲ್ಲಿ ರಾಜಧನ ಶೇ 0.6. ತೆರಿಗೆ ನಿಯಮ 15–20 ವರ್ಷ ಬದಲಾಗದೆಂಬ ಭರವಸೆ ಬೇರೆ. ಅದಾದ ಕೆಲವೇ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ತಾಮ್ರದ ಬೆಲೆ ಮೂರು ನಾಲ್ಕು ಪಟ್ಟಾಯಿತು, ಲಾಭ ಗಣಿಯ ಒಡೆಯರಿಗೆ ಹೋಯಿತು. 2008ರಲ್ಲಿ ಸರ್ಕಾರ ಒಪ್ಪಂದಗಳನ್ನು ರದ್ದುಪಡಿಸಿ ಅತಿಲಾಭದ ತೆರಿಗೆ ಹಾಕಿತು, ಮರುವರ್ಷವೇ ಆ ತೆರಿಗೆಯನ್ನು ಹಿಂತೆಗೆದುಕೊಂಡಿತು. ಬೋಟ್ಸ್ವಾನಾ ಬಲಹೀನವಾಗಿದ್ದಾಗ ಸಹಿ ಹಾಕಿದರೂ ಮರುಮಾತುಕತೆಗೆ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಜಾಂಬಿಯಾ ಬಲಹೀನ ಕ್ಷಣದಲ್ಲಿ ಹಾಕಿದ ಸಹಿಯಲ್ಲಿ ಬಾಗಿಲನ್ನೂ ಮುಚ್ಚಿಕೊಂಡಿತು.

ಬೋಟ್ಸ್ವಾನಾದ ಬವಣೆಯೂ ಚಿಕ್ಕದಲ್ಲ. ವಜ್ರದ ಗಣಿ ಹೆಚ್ಚು ಜನರಿಗೆ ಕೆಲಸ ಕೊಡುವುದಿಲ್ಲ. ಈಗ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳು ಗಣಿಯ ವಜ್ರದ ಬೆಲೆಯನ್ನೇ ಕೆಳಗೆಳೆದಿವೆ. ರಫ್ತಿನ ಬಹುಭಾಗ ಒಂದೇ ಕಲ್ಲಿನ ಮೇಲೆ ನಿಂತ ದೇಶಕ್ಕೆ ಇದು ಕುತ್ತಿಗೆಗೆ ಬಂದ ಸಂಕಟ.

ಷೇರು ಮತ್ತು ಬಾಂಡಿನ ಹಣ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗಬಲ್ಲ ಹಣವಿದು. 1997ರ ಜುಲೈ 2ರಂದು ಥಾಯ್ಲೆಂಡಿನ ನಾಣ್ಯ ಬಾಟ್ ಕುಸಿದಾಗ ಪೂರ್ವ ಏಷ್ಯಾ ಇಡೀ ನಡುಗಿತು. 1991ರಲ್ಲಿ ಅನಿವಾಸಿಗಳ ಠೇವಣಿ ಹಿಂದಕ್ಕೆ ಹರಿದು, ತೈಲದ ಬಿಲ್ ಏರಿ, ನಮ್ಮ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳುಹಿಸಿ ಅಡವಿಡಬೇಕಾಯಿತು. ಚಿಲಿ 1991ರಿಂದ 1998ರವರೆಗೆ ಒಳಬರುವ ಇಂಥ ಹಣದ ಒಂದು ಭಾಗವನ್ನು ಬಡ್ಡಿಯಿಲ್ಲದೆ ಕೇಂದ್ರ ಬ್ಯಾಂಕಿನಲ್ಲಿ ಇಡಿಸಿತು. ಬರುವ ಹಣದ ಮೊತ್ತ ಅದರಿಂದ ಎಷ್ಟು ಕುಗ್ಗಿತೆಂಬ ಚರ್ಚೆ ಇದೆ, ಅಲ್ಪಾವಧಿಯ ಪಾಲು ಮಾತ್ರ ಇಳಿಯಿತು. ಈ ಹಣ ಬರಲಿ, ಅದನ್ನು ನಂಬಿ ಮನೆ ಕಟ್ಟುವುದು ಬೇಡ.

ಈಗ ಮುಚ್ಚಿರುವ ಬಾಗಿಲುಗಳು

ಕೊರಿಯಾ ಮಾಡಿದ್ದನ್ನು ನಾವೂ ಮಾಡೋಣ ಎನ್ನುವವರು ಕಾಲ ಬದಲಾದದ್ದನ್ನು ನೋಡಬೇಕು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂದ ಮೇಲೆ, ಇಂತಿಷ್ಟು ಬಿಡಿಭಾಗ ನಮ್ಮಲ್ಲೇ ಕೊಳ್ಳಬೇಕೆಂದು ಹೂಡಿಕೆದಾರರಿಗೆ ಷರತ್ತು ಹಾಕುವಂತಿಲ್ಲ. ಭಾರತ ತನ್ನ ಸೌರ ಯೋಜನೆಯಲ್ಲಿ ದೇಶೀಯ ಕೋಶಗಳನ್ನೇ ಬಳಸಬೇಕೆಂದದ್ದಕ್ಕೆ ಅಮೆರಿಕ ದೂರು ಕೊಟ್ಟು 2016ರಲ್ಲಿ ಗೆದ್ದಿತು. ಷರತ್ತು ಹಾಕುವ ದಾರಿ ಮುಚ್ಚಿದರೂ ಕಲಿಸುವ ದಾರಿ ತೆರೆದೇ ಇದೆ: ಪೆನಾಂಗಿನ ಕೌಶಲ ಕೇಂದ್ರವನ್ನು ಯಾವ ನಿಯಮವೂ ತಡೆಯುವುದಿಲ್ಲ.

ತೆರಿಗೆ ರಿಯಾಯಿತಿಯ ಆಟವೂ ಬದಲಾಗಿದೆ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ 15 ತೆರಿಗೆ ಎಂಬ ನಿಯಮವನ್ನು ಹಲವು ದೇಶಗಳು ಒಪ್ಪಿವೆ. ವಿಯೆಟ್ನಾಂ ಬಿಟ್ಟುಕೊಟ್ಟ ತೆರಿಗೆಯನ್ನು ಸ್ಯಾಮ್‌ಸಂಗಿನ ತವರು ಕೊರಿಯಾ ವಸೂಲು ಮಾಡಬಹುದು. ಹಾಗಾಗಿ 2024ರಿಂದ ವಿಯೆಟ್ನಾಂ ತಾನೇ ಆ ವ್ಯತ್ಯಾಸದ ತೆರಿಗೆ ಹಾಕುತ್ತಿದೆ. ಹತ್ತು ವರ್ಷ ತೆರಿಗೆ ಬೇಡವೆಂದು ಬಡ ದೇಶ ಉದಾರವಾದರೆ, ಆ ಔದಾರ್ಯ ಶ್ರೀಮಂತ ದೇಶದ ಖಜಾನೆಗೆ ಹೋಗುವ ಸಾಧ್ಯತೆ ಇದೆ.

ಹೂಡಿಕೆ ರಕ್ಷಣೆಯ ಒಪ್ಪಂದಗಳನ್ನೂ ಕಣ್ಣಿಟ್ಟು ಓದಬೇಕು. ಬಲೂಚಿಸ್ತಾನದ ರೆಕೊ ದಿಕ್ ತಾಮ್ರದ ಗಣಿಗೆ ಗುತ್ತಿಗೆ ನಿರಾಕರಿಸಿದ್ದಕ್ಕೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2019ರಲ್ಲಿ ಪಾಕಿಸ್ತಾನದ ಮೇಲೆ 500 ಕೋಟಿ ಡಾಲರಿಗೂ ಹೆಚ್ಚು ಪರಿಹಾರದ ಹೊರೆ ಹೇರಿತು. ಇಸ್ರೋದ ವಾಣಿಜ್ಯ ಕಂಪನಿ ಆಂಟ್ರಿಕ್ಸ್ ನಮ್ಮ ಬೆಂಗಳೂರಿನ ದೇವಾಸ್ ಕಂಪನಿಯೊಂದಿಗೆ ಮಾಡಿಕೊಂಡಿದ್ದ ಉಪಗ್ರಹ ಒಪ್ಪಂದ 2011ರಲ್ಲಿ ರದ್ದಾದಾಗ ದೇವಾಸಿನ ವಿದೇಶಿ ಹೂಡಿಕೆದಾರರು ಮಾರಿಷಸ್, ಜರ್ಮನಿಗಳ ಜೊತೆಗಿನ ಒಪ್ಪಂದಗಳನ್ನು ಹಿಡಿದು ಭಾರತವನ್ನು ನ್ಯಾಯಮಂಡಳಿಗಳಿಗೆ ಎಳೆದರು. ದೇವಾಸ್ ಹುಟ್ಟಿದ್ದೇ ವಂಚನೆಯಿಂದ ಎಂದು 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಹೊರದೇಶದ ಕೋರ್ಟುಗಳಲ್ಲಿ ವ್ಯಾಜ್ಯ ನಡೆದೇ ಇತ್ತು.

ಹಾಗಾದರೆ ಯಾವುದು?

ದುಡಿಯುವ ಕೈಗಳು ಹೆಚ್ಚು, ಹಣ ಕಡಿಮೆ ಇರುವ ದೇಶ ಬಾಂಗ್ಲಾದ ದಾರಿಯಲ್ಲೇ ಹೆಜ್ಜೆ ಇಡಲಿ. ಕಟ್ಟಡದ ತಪಾಸಕರನ್ನೂ ಕಾರ್ಮಿಕ ಸಂಘವನ್ನೂ ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಲಿ. ಓದಿದ ಜನರಿರುವ ಸಣ್ಣ ದೇಶಕ್ಕೆ ಅಥವಾ ದೊಡ್ಡ ದೇಶದೊಳಗಿನ ರಾಜ್ಯಕ್ಕೆ ಕಂಪನಿಯನ್ನು ಕರೆತರುವ ದಾರಿ ಒಪ್ಪುತ್ತದೆ. ಆಗ ರಿಯಾಯಿತಿಯ ಹಣವನ್ನು ತೆರಿಗೆ ವಿನಾಯಿತಿಗಿಂತ ತರಬೇತಿಗೆ, ಸ್ಥಳೀಯ ಪೂರೈಕೆದಾರರಿಗೆ ಹಾಕುವುದು ಲೇಸು. ಗಣಿ ಇರುವವರು ಪಾಲು, ಮಾರಾಟದ ಹಕ್ಕು, ಮರುಮಾತುಕತೆಯ ಷರತ್ತು, ಈ ಮೂರೂ ಇಲ್ಲದೆ ಸಹಿ ಹಾಕಬಾರದು. ಸಾಲ ಡಾಲರ್ ತರುವ ಕೆಲಸಕ್ಕೆ ಮಾತ್ರ. ಕರ್ನಾಟಕದ ಮಟ್ಟಿಗೆ ನನ್ನ ಮತ ಪೆನಾಂಗಿಗೆ.

ಯಾವ ದಾರಿ ಹಿಡಿದರೂ ನೆಲದ ಪ್ರಶ್ನೆ ಬಂದೇ ಬರುತ್ತದೆ. ಮೇಲೆ ಹೊಗಳಿದ ಪೋಸ್ಕೋ ಕಂಪನಿಯೇ 2010ರ ಹೂಡಿಕೆದಾರರ ಸಮಾವೇಶದ ನಂತರ ಗದಗ ಜಿಲ್ಲೆಯ ಹಳ್ಳಿಗುಡಿಗೆ ಬರಲು ಹೊರಟಿತ್ತು; ಮೊತ್ತ 32,000 ಕೋಟಿ ರೂಪಾಯಿಗೂ ಹೆಚ್ಚು. ಎರೆಭೂಮಿಯ ರೈತರು ಒಪ್ಪಲಿಲ್ಲ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರೊಂದಿಗೆ ನಿಂತರು. 2011ರಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅಭಿವೃದ್ಧಿ ವಿರೋಧಿಗಳೆಂದು ಅವರನ್ನು ಜರಿದವರಿದ್ದರು. ಕೊರಿಯಾದ ಉಕ್ಕು ಕೊರಿಯಾದ ಜನರಿಗೆ ಕೊಟ್ಟ ಒಡೆತನವನ್ನು ಹಳ್ಳಿಗುಡಿಯ ರೈತರಿಗೆ ಯಾರೂ ಕೊಡಲು ಬಂದಿರಲಿಲ್ಲ. ಅವರಿಗೆ ಸಿಗುತ್ತಿದ್ದುದು ಎಕರೆಗೆ ಇಷ್ಟು ಎಂಬ ಪರಿಹಾರ.

ನಿಮ್ಮ ಊರಿಗೆ ಇಂಥ ಒಪ್ಪಂದವೊಂದು ಬಂದರೆ ಗ್ರಾಮಸಭೆಯಲ್ಲಿ ಕೇಳಿ: ಕೆಲಸ ಕಾಯಂ ಎಷ್ಟು, ಗುತ್ತಿಗೆ ಎಷ್ಟು? ತರಬೇತಿ ಎಲ್ಲಿ, ಯಾರ ಖರ್ಚಿನಲ್ಲಿ? ಬೋರ್‌ವೆಲ್ಲಿನ ನೀರು ಎಷ್ಟು ಎಳೆಯುತ್ತೀರಿ? ಮುಚ್ಚುವ ದಿನ ಬಂದಾಗ ನೆಲವನ್ನು ಸರಿಪಡಿಸುವ ಹಣವನ್ನು ಈಗಲೇ ಎಲ್ಲಿ ಠೇವಣಿ ಇಡುತ್ತೀರಿ? ಕೊನೆಯ ಪ್ರಶ್ನೆಗೆ ಉತ್ತರ ಬರೆದುಕೊಡುವವರೆಗೆ ಎದ್ದು ಹೋಗಬೇಡಿ. ಕುದುರೆಮುಖದ ಕಂಪನಿ ಈಗ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಹೊಸ ಗಣಿ ಕೇಳಿದೆ; ಅಲ್ಲಿ ಕಡಿಯಬೇಕಾದ ಮರಗಳು ಸುಮಾರು 99 ಸಾವಿರವೆಂದು ಲೆಕ್ಕ. 2024ರಲ್ಲಿ ಕೇಂದ್ರ ಉಕ್ಕು ಸಚಿವರು ಯೋಜನೆಗೆ ಸಹಿ ಹಾಕಿದಾಗ, ಅರಣ್ಯವನ್ನು ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಕಾರಣ, ಕುದುರೆಮುಖದ ಕಾಡಿನ ಬಾಕಿ ಇನ್ನೂ ತೀರಿರಲಿಲ್ಲ.